ಆಕಾಶ ಕಪ್ಪಗಿದ್ದರೆ ಸಾಕೇ? ಕಪ್ಪು-ಬಿಳುಪು ಲ್ಯಾಂಡ್‌ಸ್ಕೇಪ್ ಫೋಟೋ ನೋಡುವ ಬಗೆ

ನೆರಳಂಚು

ಒಂದು ಕಪ್ಪು-ಬಿಳುಪು ಲ್ಯಾಂಡ್‌ಸ್ಕೇಪ್ ಫೋಟೋ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆಯಬೇಕಿದೆ. ಚಿತ್ರದಲ್ಲಿ ಇರೋದು ಇಷ್ಟು: ತೀರಾ ಕೆಳಗೆ ಅಲುಗದೆ ನಿಂತ ಸರೋವರದ ನೀರು, ದಡದಲ್ಲಿ ಒಂದಷ್ಟು ಬಂಡೆ, ಅದರಾಚೆ ಪೈನ್ ಮರಗಳ ಸಾಲು, ಹಿಂದೆ ಹಿಮ ಹೊದ್ದ ಬೆಟ್ಟ, ಮೇಲೆ ಹೆಚ್ಚೂಕಡಿಮೆ ಕಪ್ಪೇ ಆಗಿರುವ ಆಕಾಶ, ಅದರಲ್ಲಿ ಎರಡು ಬಿಳಿ ಮೋಡ. ಬಿಸಿಲು ಬಲಗಡೆಯಿಂದ ಬಿದ್ದಿದೆ. 16×20 ಇಂಚಿನ ಪ್ರಿಂಟ್ ಕೈಯಲ್ಲಿದೆ, ಅದರ ಡಿಜಿಟಲ್ ಫೈಲೂ ಇದೆ. ಮೂಲ ಫಿಲ್ಮಿನದೋ ಡಿಜಿಟಲ್ಲೋ ಗೊತ್ತಿಲ್ಲ.

‘ಒಳ್ಳೇ ಕಾಂಟ್ರಾಸ್ಟ್’, ‘ನಾಟಕೀಯ ಆಕಾಶ’ ಅನ್ನೋ ಎರಡು ಮಾತು ಬಿಟ್ಟರೆ ಬರೆಯೋಕೆ ಬೇರೇನೂ ಸಿಗ್ತಿಲ್ಲ. ಹಾಡುಹಗಲಲ್ಲಿ ಆಕಾಶ ಹೀಗೆ ಕಪ್ಪಾಗೋದು ಹೇಗೆ, ಅದು ಗುಣವೋ ದೋಷವೋ? ಮರಗಳ ಸಾಲಿನೊಳಗೆ ಕೆಲವು ಕಡೆ ಏನೂ ಕಾಣದಷ್ಟು ಕಪ್ಪಿದೆ, ಅದನ್ನು ತಪ್ಪು ಅನ್ನಬಹುದೇ? ನೋಡೋದನ್ನು ಎಲ್ಲಿಂದ ಶುರುಮಾಡಬೇಕು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಬೂದುಪಟ್ಟಿ

ಮೊದಲು ಬೆಟ್ಟ, ಮರ, ನೀರು ಅನ್ನೋ ಹೆಸರುಗಳನ್ನು ಪಕ್ಕಕ್ಕಿಡಿ. ಹೆಸರು ಸಿಕ್ಕ ಕೂಡಲೇ ಕಣ್ಣು ‘ಗೊತ್ತಾಯ್ತು’ ಅಂತ ಮುಂದಕ್ಕೆ ಹೋಗಿಬಿಡುತ್ತೆ. ಪ್ರಿಂಟನ್ನು ತಲೆಕೆಳಗಾಗಿ ನಿಲ್ಲಿಸಿ, ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣಪುಟ್ಟ ವಿವರ ಎಲ್ಲ ಕರಗಿ ನಾಲ್ಕೈದು ದೊಡ್ಡ ಪಟ್ಟೆ ಮಾತ್ರ ಉಳಿಯುತ್ತವೆ. ನೀವು ಹೇಳಿದ ಪ್ರಕಾರ ಇಲ್ಲಿ ಆಕಾಶದ್ದೊಂದು ಕಪ್ಪು, ಬೆಟ್ಟದ ಬಿಳಿ, ಮರಗಳದ್ದೊಂದು ಕಪ್ಪು, ನೀರಿನ ಬೂದು. ಆ ಎರಡು ಕಪ್ಪೂ ಒಂದೇ ಕಪ್ಪೇ? ಇದು ಈ ಚಿತ್ರಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ. ಆಕಾಶ ಮರಗಳಿಗಿಂತ ಒಂದು ಹದ ತಿಳಿಯಾಗಿದ್ದರೆ ಅದು ದೂರದಲ್ಲಿದೆ ಅಂತ ಕಣ್ಣಿಗೆ ಗೊತ್ತಾಗುತ್ತೆ. ಎರಡೂ ಸಮ ಇದ್ದರೆ ಬೆಟ್ಟ ಕತ್ತರಿಸಿ ಅಂಟಿಸಿದ ಕಾಗದದ ಹಾಗೆ ಚಪ್ಪಟೆಯಾಗುತ್ತೆ.

ಆಮೇಲೆ ಬಣ್ಣಕ್ಕೆ ಬನ್ನಿ. ಹೌದು, ಬಣ್ಣಕ್ಕೇ. ಕಪ್ಪು-ಬಿಳುಪು ಚಿತ್ರದಲ್ಲಿ ಪ್ರತಿ ಬೂದುವೂ ಮೊದಲು ಯಾವುದೋ ಬಣ್ಣವಾಗಿತ್ತು, ಅದು ಎಷ್ಟು ಕಪ್ಪಾಗಬೇಕು ಅಂತ ಯಾರೋ ತೀರ್ಮಾನ ಮಾಡಿದ್ದಾರೆ. ಲೆನ್ಸ್ ಮುಂದೆ ಹಾಕೋ ಫಿಲ್ಟರ್ ತನ್ನ ಬಣ್ಣವನ್ನು ಒಳಗೆ ಬಿಟ್ಟು ಎದುರು ಬಣ್ಣವನ್ನು ತಡೆಯುತ್ತೆ. ಹಳದಿ ಫಿಲ್ಟರ್ ನೀಲಿ ಆಕಾಶವನ್ನು ನಾವು ಕಣ್ಣಲ್ಲಿ ನೋಡುವಷ್ಟು ಹದಕ್ಕೆ ತರುತ್ತೆ, ಸುಮಾರು 1 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕು ತಿನ್ನುತ್ತೆ. ಕಿತ್ತಳೆ ಇನ್ನೂ ಗಾಢ ಮಾಡುತ್ತೆ, ಸುಮಾರು 2 ಸ್ಟಾಪ್. ವ್ರಾಟನ್ 25ರಂಥ (ವ್ರಾಟನ್ ಅಂದರೆ ಫಿಲ್ಟರ್ ಬಣ್ಣಗಳಿಗೆ ಕೊಟ್ಟ ಸಂಖ್ಯೆಯ ಪಟ್ಟಿ) ಕೆಂಪು ಫಿಲ್ಟರ್ ಆಕಾಶವನ್ನು ಕಪ್ಪಿನ ಹತ್ತಿರಕ್ಕೆ ಒಯ್ಯುತ್ತೆ, ಸುಮಾರು 3 ಸ್ಟಾಪ್, ಅಂದರೆ ಎಂಟು ಪಟ್ಟು ಎಕ್ಸ್‌ಪೋಶರ್ (ಫಿಲ್ಮಿಗೆ ಬೀಳುವ ಬೆಳಕು) ಬೇಕು. ಇದನ್ನು ಒಂದೇ ಜಾಗದಲ್ಲಿ ಅಕ್ಕಪಕ್ಕ ನೋಡಬೇಕು ಅಂದರೆ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್ 10ರಂದು ಕ್ಯಾಲಿಫೋರ್ನಿಯಾದ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ತೆಗೆದ ಎರಡು ಚಿತ್ರ ಹುಡುಕಿ. ಒಂದು ಹಳದಿ ಫಿಲ್ಟರ್‌ನದು, ಇನ್ನೊಂದು ಉಳಿದಿದ್ದ ಕೊನೆಯ ಗಾಜಿನ ಪ್ಲೇಟಿನಲ್ಲಿ ಗಾಢ ಕೆಂಪು ವ್ರಾಟನ್ 29ರದು. ಬಂಡೆ ಅದೇ, ಹೊತ್ತೂ ಹೆಚ್ಚುಕಮ್ಮಿ ಅದೇ. ಮೊದಲನೆಯದರಲ್ಲಿ ಬಂಡೆ ಹೇಗಿತ್ತೋ ಹಾಗಿದೆ, ಎರಡನೆಯದರಲ್ಲಿ ಮೈಮೇಲೆ ಬರುವಂತಿದೆ.

ಈಗ ನಿಮ್ಮ ಚಿತ್ರದ ಆಕಾಶ ಫಿಲ್ಟರ್‌ನಿಂದ ಕಪ್ಪಾಗಿದೆಯೋ, ಆಮೇಲೆ ಕಪ್ಪು ಮಾಡಿದ್ದೋ ಅನ್ನೋದನ್ನು ಚಿತ್ರದೊಳಗೇ ಪತ್ತೆ ಮಾಡಬಹುದು. ಹಿಮದ ಮೇಲೆ ಬಿದ್ದ ನೆರಳು ನೋಡಿ. ಬಿಸಿಲು ತಾಗದ ಹಿಮಕ್ಕೆ ಬೆಳಕು ಬರೋದು ನೀಲಿ ಆಕಾಶದಿಂದ, ಹಾಗಾಗಿ ಆ ನೆರಳು ನೀಲಿಯೇ. ಕೆಂಪು ಫಿಲ್ಟರ್ ಆಕಾಶದ ಜೊತೆ ಆ ನೆರಳನ್ನೂ ಕಪ್ಪು ಮಾಡಲೇಬೇಕು. ಆಕಾಶ ಮಸಿ, ಹಿಮದ ನೆರಳು ಮಾತ್ರ ತಿಳಿಬೂದು ಅಂತಿದ್ದರೆ ಆಕಾಶವನ್ನು ಬೇರೆಯಾಗಿಯೇ ಕಪ್ಪು ಮಾಡಿದ್ದಾರೆ.

ಎರಡನೇ ಸುಳಿವು ನೀರಿನಲ್ಲಿದೆ. ಪ್ರತಿಬಿಂಬ ಮೂಲಕ್ಕಿಂತ ಸ್ವಲ್ಪ ಕಪ್ಪಾಗಿರಬೇಕು, ಯಾಕಂದ್ರೆ ಬಿದ್ದ ಬೆಳಕಿನಲ್ಲಿ ಒಂದು ಪಾಲು ನೀರೊಳಗೆ ಹೋಗುತ್ತೆ. ಮೇಲೆ ಆಕಾಶ ಕಪ್ಪು, ಕೆಳಗೆ ನೀರಲ್ಲಿ ಅದೇ ಆಕಾಶ ತಿಳಿ ಅಂದರೆ ಗ್ರಾಜುಯೇಟೆಡ್ ಫಿಲ್ಟರೋ (ಮೇಲ್ಭಾಗ ಮಾತ್ರ ಕಪ್ಪಿರುವುದು), ಪ್ರಿಂಟ್ ಮಾಡುವಾಗಿನ ಬರ್ನಿಂಗೋ (ಒಂದು ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಕಪ್ಪು ಮಾಡೋದು), ಸಾಫ್ಟ್‌ವೇರಿನ ಮಾಸ್ಕೋ (ಒಂದು ಭಾಗವನ್ನಷ್ಟೇ ಆರಿಸಿ ತಿದ್ದೋದು) ಕೆಲಸ ಮಾಡಿದೆ. ಹೋಲಿಸುವಾಗ ಒಂದು ಎಚ್ಚರ: ಆಚೆ ದಡಕ್ಕೆ ಅಂಟಿದ ನೀರು ದಿಗಂತದ ಹತ್ತಿರದ ಆಕಾಶವನ್ನು ತೋರಿಸುತ್ತೆ, ನಿಮ್ಮ ಕಾಲ ಬಳಿಯ ನೀರು ಎತ್ತರದ ಆಕಾಶವನ್ನು. ಅಲೆ ಇದ್ದರೆ, ಕೆಸರು ನೀರಾದರೆ ಈ ಪರೀಕ್ಷೆ ನಡೆಯಲ್ಲ.

ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿದ್ದರೆ ಅದರ ಗುರುತೇ ಬೇರೆ. ಸೂರ್ಯನಿಂದ 90 ಡಿಗ್ರಿ ದಿಕ್ಕಿನಲ್ಲಿ ಆಕಾಶ ಅತಿ ಗಾಢ, ಅಲ್ಲಿಂದ ಆಚೀಚೆ ತಿಳಿ. 24 ಮಿಮೀ ವಿಶಾಲ ನೋಟದ ಲೆನ್ಸ್ ಫುಲ್ ಫ್ರೇಮ್ (36×24 ಮಿಮೀ) ಕ್ಯಾಮೆರಾದಲ್ಲಿ ಅಡ್ಡಕ್ಕೆ ಸುಮಾರು 74 ಡಿಗ್ರಿ ನೋಡುತ್ತೆ, ಆದ್ದರಿಂದ ಆಕಾಶದ ಒಂದು ಭಾಗದಲ್ಲಿ ಮಾತ್ರ ಕಪ್ಪು ಮಚ್ಚೆ ಬಿದ್ದ ಹಾಗೆ ಕಾಣುತ್ತೆ.

ಮರಗಳ ಕಪ್ಪಿನ ವಿಷಯ. ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1939-40ರ ಹೊತ್ತಿಗೆ ರೂಪಿಸಿದ ಜೋನ್ ಸಿಸ್ಟಮ್‌ನಲ್ಲಿ 0ಯಿಂದ (ಗಟ್ಟಿ ಕಪ್ಪು) 10ರವರೆಗೆ (ಬರಿ ಬಿಳಿ) ಮೆಟ್ಟಿಲುಗಳಿವೆ, ಎಕ್ಸ್‌ಪೋಶರ್ ಲೆಕ್ಕದಲ್ಲಿ ಒಂದೊಂದು ಮೆಟ್ಟಿಲೂ ಹಿಂದಿನದರ ಎರಡರಷ್ಟು. 5 ಅಂದರೆ ಬೆಳಕಿನ 18% ಹಿಂದಿರುಗಿಸುವ ನಡುಬೂದು. ವಿವರ ಕಾಣಲೇಬೇಕಾದ ನೆರಳನ್ನು 3ರಲ್ಲಿ ಇಡುತ್ತಾರೆ, ಮೈ (ಮೇಲ್ಮೈಯ ಉಬ್ಬುತಗ್ಗು) ಕಾಣಬೇಕಾದ ಬಿಳಿಯನ್ನು 7ರ ಆಸುಪಾಸು. 0 ಮತ್ತು 1ರಲ್ಲಿ ಮೈ ಇರಲ್ಲ. ಚಿತ್ರದಲ್ಲಿ ಅಂಥ ಕಪ್ಪು ಇರಬಾರದು ಅಂತೇನಿಲ್ಲ. ಆ ಕಪ್ಪಿಗೊಂದು ಆಕಾರ ಇದೆಯಾ ನೋಡಿ. ಪೈನ್ ಮರದ ಮೊನಚು ಹಿಮದ ಎದುರು ಚೂಪಾಗಿ ನಿಂತಿದ್ದರೆ ಒಳಗೆ ಕೊಂಬೆ ಕಾಣದಿದ್ದರೂ ನಷ್ಟವಿಲ್ಲ. ಆದರೆ ಮರದ ಬುಡ, ದಡದ ಬಂಡೆ, ನೀರಿನ ಅಂಚು ಮೂರೂ ಒಂದೇ ಕಪ್ಪಲ್ಲಿ ಕಲಸಿಹೋಗಿದ್ದರೆ ನೆಲ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯ್ತು ಅಂತಲೇ ತಿಳಿಯಲ್ಲ. ಅದು ದೋಷವೇ.

ಕತ್ತಲಕೋಣೆ

ಪ್ರಿಂಟ್ ಕೈಯಲ್ಲಿದೆ ಎಂದಮೇಲೆ ಫೈಲ್ ತೆರೆಯುವ ಮೊದಲು ಅದನ್ನೇ ನೋಡಿ, ಅದೂ ಸರಿಯಾದ ಬೆಳಕಿನಲ್ಲಿ. ಮಂದ ದೀಪದಡಿ ನೆರಳುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಛಾಯಾಗ್ರಾಹಕ ಉಳಿಸಿದ ವಿವರ ಅಲ್ಲೇ ಇದ್ದರೂ ನಿಮಗೆ ಕಾಣುವುದಿಲ್ಲ, ಟಿಪ್ಪಣಿಯಲ್ಲಿ ತಪ್ಪು ಅವರ ತಲೆಗೆ ಬರುತ್ತದೆ. ಐಎಸ್‌ಒ 3664 ಮಾನದಂಡ ಪ್ರಿಂಟಿನ ಟೋನ್‌ಗಳನ್ನು ಸಾಮಾನ್ಯವಾಗಿ ಪರಿಶೀಲಿಸಲು 500 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ), ಸೂಕ್ಷ್ಮವಾಗಿ ಹೋಲಿಸಲು 2000 ಲಕ್ಸ್ ಹೇಳುತ್ತದೆ. ಮೀಟರ್ ಇಲ್ಲದಿದ್ದರೆ ನೇರ ಬಿಸಿಲು ಬೀಳದ ದೊಡ್ಡ ಕಿಟಕಿಯ ಪಕ್ಕ ಸಾಕು. ಗಾಜು ಹಾಕಿದ ಪ್ರಿಂಟಾದರೆ ನಿಮ್ಮ ಅಂಗಿಯೂ ಲೆಕ್ಕಕ್ಕೆ ಬರುತ್ತದೆ. ಬಿಳಿ ಅಂಗಿ ಕಪ್ಪು ಆಕಾಶದಲ್ಲಿ ಪ್ರತಿಫಲಿಸಿ ಕಪ್ಪನ್ನೇ ಬೂದು ಮಾಡುತ್ತದೆ.

ನಿಲ್ಲುವ ದೂರ ಚಿತ್ರದ ಕರ್ಣದಷ್ಟು ಇರಲಿ. 16×20ಕ್ಕೆ ಅದು ಸುಮಾರು 26 ಇಂಚು. ಅಲ್ಲಿಂದ ಇಡೀ ಚಿತ್ರ ನೋಡಿ ಮುಗಿಸಿದ ಮೇಲೆ ಹತ್ತಿರ ಹೋಗಿ. ಮೂಗು ತಾಗಿಸಿ ನೋಡುವುದರಿಂದ ಶುರುಮಾಡಿದವರು ಚಿತ್ರ ಬಿಟ್ಟು ತಾಂತ್ರಿಕತೆಯನ್ನಷ್ಟೇ ಬರೆಯುತ್ತಾರೆ.

ಕಾಗದದ ಮಿತಿಯನ್ನು ತಿಳಿದಿರಬೇಕು. ಹೊಳಪಿನ ಸಿಲ್ವರ್ ಪ್ರಿಂಟಿನ (ಡಾರ್ಕ್‌ರೂಮಿನಲ್ಲಿ ಬೆಳ್ಳಿಯಿಂದ ಚಿತ್ರ ಮೂಡಿಸಿದ್ದು) ಅತಿ ಗಾಢ ಕಪ್ಪಿನ ಸಾಂದ್ರತೆ 2.1ರ ಆಸುಪಾಸು. ಅಂದರೆ ಕಾಗದದ ಬಿಳಿಗೂ ಆ ಕಪ್ಪಿಗೂ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚಿನ ಅಂತರ, ಸುಮಾರು 7 ಸ್ಟಾಪ್. ಮ್ಯಾಟ್ ಕಾಗದದಲ್ಲಿ 1.6ರ ಸುತ್ತಮುತ್ತ, ಅದು ಸುಮಾರು ನಲವತ್ತಕ್ಕೆ ಒಂದು. ಬಿಸಿಲು ಬಿದ್ದ ಹಿಮ ಮತ್ತು ಪೈನ್ ಮರದಡಿಯ ನೆರಳು ಇರುವ ದೃಶ್ಯ ಸುಲಭವಾಗಿ 10 ಸ್ಟಾಪ್ ದಾಟುತ್ತದೆ. ಅಷ್ಟನ್ನು ಇಷ್ಟರಲ್ಲಿ ಕೂರಿಸುವಾಗ ಎಲ್ಲೋ ಒಂದು ಕಡೆ ಬಿಟ್ಟುಕೊಡಲೇಬೇಕು. ಎಲ್ಲಿ ಬಿಟ್ಟುಕೊಟ್ಟರು ಎಂಬುದು ಟಿಪ್ಪಣಿಗೆ ಒಳ್ಳೆಯ ವಿಷಯ. ನೆರಳನ್ನು ಬಲಿಕೊಟ್ಟು ಹಿಮದ ಮೈ ಉಳಿಸಿದರೋ, ನೆರಳು ತೆರೆದು ಹಿಮವನ್ನು ಬರೀ ಕಾಗದದ ಬಿಳಿಯಾಗಿ ಬಿಟ್ಟರೋ? ಹಿಮದಲ್ಲಿ ಗಾಳಿ ಎಳೆದ ಗೆರೆಗಳು, ಸಣ್ಣ ಹರಳಿನ ಒರಟು ಕಾಣಬೇಕು. ಅದಿಲ್ಲದೆ ಕಾಗದದ ಅಂಚಿನ ಬಿಳಿಯೂ ಹಿಮದ ಬಿಳಿಯೂ ಒಂದೇ ಆಗಿದ್ದರೆ ಅಲ್ಲಿ ಚಿತ್ರವೇ ಇಲ್ಲ ಎಂದು ಲೆಕ್ಕ. ಬಂಡೆಯ ಮೇಲಿನ ಒದ್ದೆ ಹೊಳಪಿನಂಥ ಚುಕ್ಕೆಗಳು ಬರಿ ಬಿಳಿ ಆಗಬಹುದು, ಆಗಲೂಬೇಕು.

ಇನ್ನು ಡಾಡ್ಜಿಂಗ್, ಬರ್ನಿಂಗ್. ಡಾರ್ಕ್‌ರೂಮಿನಲ್ಲಿ ಹಿಗ್ಗಿಸುವಾಗ ಒಂದು ಭಾಗಕ್ಕೆ ಬೆಳಕು ತಡೆದರೆ ಅದು ತಿಳಿಯಾಗುತ್ತದೆ, ಹೆಚ್ಚು ಬೆಳಕು ಕೊಟ್ಟರೆ ಕಪ್ಪಾಗುತ್ತದೆ. ಇದು ಮುಚ್ಚುಮರೆಯ ಕೆಲಸವಲ್ಲ, ಪ್ರಿಂಟ್ ಮಾಡುವುದೆಂದರೇ ಇದು. ಆದರೆ ಕೈ ತಪ್ಪಿದ್ದು ಕಾಣುತ್ತದೆ. ಆಕಾಶವನ್ನು ಬರ್ನ್ ಮಾಡುವಾಗ ಶಿಖರದ ತುದಿಯೂ ಸೇರಿಕೊಂಡರೆ, ಬಿಸಿಲು ಹೆಚ್ಚು ಬಿದ್ದ ಮೇಲ್ತುದಿಯ ಹಿಮ ಮಂಕಾಗಿ ಕೆಳಗಿನ ಇಳಿಜಾರು ಬೆಳ್ಳಗಿರುತ್ತದೆ. ಬೆಳಕಿನ ತರ್ಕಕ್ಕೆ ಅದು ಉಲ್ಟಾ. ತುದಿಯನ್ನು ಕಾಪಾಡಲು ಹೋಗಿ ಅಂಚಿಗಿಂತ ಮೊದಲೇ ನಿಲ್ಲಿಸಿದರೆ ಬೆಟ್ಟದ ಗೆರೆಗುಂಟ ತಿಳಿ ಪಟ್ಟಿ ಉಳಿಯುತ್ತದೆ. ನಿಮ್ಮ ಚಿತ್ರದಲ್ಲಿ ಆ ಗೆರೆಯನ್ನು ಎಡದಿಂದ ಬಲಕ್ಕೆ ಬೆರಳಿಟ್ಟ ಹಾಗೆ ಹಿಂಬಾಲಿಸಿ.

ಕಪ್ಪು ಆಕಾಶವನ್ನು ‘ಇದ್ದದ್ದು’ ಎಂದು ಓದಬಾರದು ಎನ್ನುವುದಕ್ಕೆ ಆಡಮ್ಸ್ ಅವರ ‘ಮೂನ್‌ರೈಸ್, ಹೆರ್ನಾಂಡೆಸ್’ ಚಿತ್ರ ಸಾಕು. 1941ರ ಶರತ್ಕಾಲದಲ್ಲಿ ನ್ಯೂ ಮೆಕ್ಸಿಕೋದಲ್ಲಿ ತೆಗೆದ 8×10 ಇಂಚಿನ ಒಂದೇ ನೆಗೆಟಿವ್ ಅದು. ಆರಂಭದ ಪ್ರಿಂಟುಗಳಲ್ಲಿ ಆಕಾಶ ಬೂದು, ಮೋಡದ ಎಳೆಗಳೂ ಕಾಣುತ್ತವೆ. ದಶಕಗಳ ನಂತರದವುಗಳಲ್ಲಿ ಚಂದ್ರನ ಸುತ್ತ ಹೆಚ್ಚುಕಡಿಮೆ ಗಟ್ಟಿ ಕಪ್ಪು. ನಡುವೆ 1948ರಲ್ಲಿ ಮುನ್ನೆಲೆ ತೀರಾ ತೆಳುವಾಗಿದೆ ಎಂದು ಆಡಮ್ಸ್ ನೆಗೆಟಿವ್‌ನ ಕೆಳಭಾಗವನ್ನು ರಾಸಾಯನಿಕದಿಂದ ಗಟ್ಟಿ ಮಾಡಿದ್ದರು.

ಕೊನೆಗೆ, ಪ್ರಿಂಟ್ ಯಾವುದೆಂದು ತಿಳಿಯಲು 10 ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ತಿಳಿ ಬೂದು ಜಾಗ ನೋಡಿ, ಮೋಡದ ಅಂಚು ಒಳ್ಳೆಯದು. ಶಾಯಿಯ ಬಿಡಿ ಚುಕ್ಕೆ ಕಂಡರೆ ಇಂಕ್‌ಜೆಟ್. ಒಂದಕ್ಕೊಂದು ಹೆಣೆದ, ಕ್ರಮವಿಲ್ಲದ ಗ್ರೇನ್ (ಫಿಲ್ಮಿನ ಬೆಳ್ಳಿ ಕಣಗಳ ಗುರುತು) ಕಂಡರೆ ಸಿಲ್ವರ್. ಗ್ರೇನ್ ಗಾತ್ರದಿಂದ ನೆಗೆಟಿವ್ ಗಾತ್ರವನ್ನೂ ಊಹಿಸಬಹುದು: 35 ಮಿಮೀ ಫಿಲ್ಮ್ 16×20ಕ್ಕೆ ಬರಲು ಸುಮಾರು 17 ಪಟ್ಟು ಹಿಗ್ಗಬೇಕು, 4×5 ಇಂಚಿನದು ಬರೀ 4 ಪಟ್ಟು.

ಮಂಜಿನಾಚೆ

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಚರ್ಚೆ ಎಲ್ಲ ಕಪ್ಪು ಆಕಾಶದ ಸುತ್ತಲೇ ಗಿರಕಿ ಹೊಡೀತಿದೆ. ಕೆಂಪು ಫಿಲ್ಟರ್ ಇವತ್ತು ಸುಲಭದ ಮಸಾಲೆ ಆಗಿಬಿಟ್ಟಿದೆ, ಯಾವ ಅಡುಗೆಗೂ ಅದೇ ಖಾರ. ಲ್ಯಾಂಡ್‌ಸ್ಕೇಪ್‌ನಲ್ಲಿ ಕಷ್ಟದ ಕೆಲಸ ಇರೋದು ನಡುವಿನ ಬೂದುಗಳಲ್ಲಿ, 4ರಿಂದ 6ನೇ ಜೋನ್ ಒಳಗೆ.

ಆಳ ಹುಟ್ಟೋದು ಅಲ್ಲೇ. ಗಾಳಿಯಲ್ಲಿ ಬೆಳಕು ಚದುರುತ್ತೆ. ಶುಭ್ರ ಗಾಳಿಯಲ್ಲಿ ಚದುರುವಿಕೆ ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮ, ಹಾಗಾಗಿ 450 ನ್ಯಾನೋಮೀಟರ್ ನೀಲಿ 650ರ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತೆ. ದೂರದ ಬೆಟ್ಟ ನೀಲಿಯಾಗಿ, ತೆಳುವಾಗಿ ಕಾಣೋದು ಅದಕ್ಕೇ. ಕಪ್ಪು-ಬಿಳುಪಿನಲ್ಲಿ ಒಂದರ ಹಿಂದೊಂದು ಸಾಲು ಒಂದೊಂದು ಹದ ತಿಳಿಯಾಗ್ತಾ ಹೋದರೆ ನೋಡುವವರಿಗೆ ಮೈಲಿ ಮೈಲಿ ದೂರ ಸಿಗುತ್ತೆ. ಕೆಂಪು ಫಿಲ್ಟರ್ ಹಾಕಿದಿರೋ, ಈ ಮಬ್ಬು ಹಾರಿಹೋಗಿ ಹಿಂದಿನ ಬೆಟ್ಟ ಮುಂದಿನ ಮರದ ಮೇಲೆ ಬಂದು ಕೂರುತ್ತೆ. ಬಂಡೆಯ ಗಡಸುತನ ತೋರಿಸಬೇಕಾದರೆ ಇದು ಲಾಭ, ವಿಸ್ತಾರ ತೋರಿಸಬೇಕಾದರೆ ನಷ್ಟ. ನೆರಳಂಚು ಅವರು ಟಿಪ್ಪಣಿಯಲ್ಲಿ ಕೇಳಬೇಕಾದ್ದು: ಈ ಬೆಟ್ಟ ದೂರದಲ್ಲಿದೆ ಅಂತ ಚಿತ್ರ ನಂಬಿಸುತ್ತಾ?

ಇನ್ನೊಂದು ಅನ್ಯಾಯ ಆಗಬಾರದು. ಹಳೆಯ ಚಿತ್ರ ನೋಡಿ ‘ಆಕಾಶ ಬೋಳಾಗಿದೆ’ ಅಂತ ಕಡಿಮೆ ಅಂಕ ಕೊಡೋರಿದ್ದಾರೆ. 19ನೇ ಶತಮಾನದ ಕೊಲೋಡಿಯನ್ ಪ್ಲೇಟುಗಳಿಗೆ (ರಾಸಾಯನಿಕ ಬಳಿದ ಗಾಜು) ಕಾಣ್ತಾ ಇದ್ದದ್ದು ನೀಲಿ ಮತ್ತು ಅತಿನೇರಳೆ ಮಾತ್ರ. ನೆಲಕ್ಕೆ ಸಾಕಾಗುವಷ್ಟು ಎಕ್ಸ್‌ಪೋಶರ್ ಕೊಟ್ಟರೆ ಆಕಾಶ ಸುಟ್ಟು ಬಿಳಿಯಾಗ್ತಿತ್ತು. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ 18×22 ಇಂಚಿನ ಪ್ಲೇಟುಗಳಲ್ಲಿ ಯೊಸೆಮಿಟಿಯನ್ನು ತೆಗೆದಾಗ ಆಕಾಶ ಖಾಲಿ. ಆದರೆ ಆ ಖಾಲಿ ಜಾಗದ ಅಂಚೇ ಬೆಟ್ಟದ ಗೆರೆಯಾಗಿ ಕೆಲಸ ಮಾಡುವ ಹಾಗೆ ಚೌಕಟ್ಟು ಕಟ್ಟಿದ್ದಾರೆ. ಗುಸ್ತಾವ್ ಲ ಗ್ರೇ ಅದೇ ತೊಂದರೆಗೆ ಬೇರೆ ದಾರಿ ಹಿಡಿದರು, 1850ರ ದಶಕದ ಕಡಲ ಚಿತ್ರಗಳಲ್ಲಿ ಕೆಲವಕ್ಕೆ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಸೇರಿಸಿ ಒಂದೇ ಪ್ರಿಂಟ್ ಮಾಡಿದರು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು ಅಂಗಡಿಗೆ ಬಂದದ್ದೇ 1906ರಲ್ಲಿ. ಅದಕ್ಕೂ ಮುಂಚಿನ ಚಿತ್ರದಲ್ಲಿ ಕೆಂಪು ಫಿಲ್ಟರ್‌ನ ಕಪ್ಪು ಆಕಾಶ ಹುಡುಕೋದು ಬಹುಮಟ್ಟಿಗೆ ವ್ಯರ್ಥ.

ದೊಡ್ಡ ಗಾತ್ರ, ದೊಡ್ಡ ಕಾಂಟ್ರಾಸ್ಟ್ ಇದ್ದರೇ ದೊಡ್ಡ ಚಿತ್ರ ಅಂತಲೂ ಇಲ್ಲ. ಮೈಕೆಲ್ ಕೆನ್ನಾ ಪ್ರಿಂಟುಗಳು ಬಹುಮಟ್ಟಿಗೆ 8 ಇಂಚಿಗೂ ಕಡಿಮೆಯ ಚೌಕಗಳು. ಹಿಮದ ಬಯಲು, ನಾಲ್ಕು ಕಂಬ, ಬಾಕಿ ಎಲ್ಲ ತಿಳಿಬೂದು. ಹತ್ತಿರ ಹೋಗಿ ನಿಲ್ಲದೆ ಅವು ಕಾಣಿಸೋದೇ ಇಲ್ಲ.

ನೆರಳಂಚು

ಎಲ್ಲರಿಗೂ ಧನ್ಯವಾದ. ಹೇಳಿದಂತೆ ನೋಡಿದೆ. ಹಿಮದ ನೆರಳು ತಿಳಿಬೂದು, ನೀರಿನಲ್ಲಿ ಆಕಾಶದ ಪ್ರತಿಬಿಂಬ ಮೇಲಿನ ಆಕಾಶಕ್ಕಿಂತ ನಿಚ್ಚಳವಾಗಿ ತಿಳಿ. ಅಂದರೆ ಆಕಾಶ ಆಮೇಲೆ ಕಪ್ಪಾಗಿದ್ದು. ಲೂಪ್‌ನಲ್ಲಿ ಮೋಡದ ಅಂಚು ಚುಕ್ಕಿ ಚುಕ್ಕಿ, ಹಾಗಾಗಿ ಇಂಕ್‌ಜೆಟ್. ಮರದ ತುದಿಗಳು ಎರಡು ಕಡೆ ಬೆಟ್ಟ ದಾಟಿ ಆಕಾಶಕ್ಕೆ ಚಾಚಿವೆ, ಅಲ್ಲಿ ಸುತ್ತ ಸಣ್ಣ ಬಿಳಿ ಅಂಚು ಕಾಣ್ತಿದೆ. ಫೈಲ್‌ನಲ್ಲಿ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆದ ಹಾಗಿದೆ, ಪ್ರಿಂಟ್‌ನಲ್ಲಿ ಅಷ್ಟಿಲ್ಲ. ಇದನ್ನು ಮೋಸ ಅಂತ ಬರೆಯಬಹುದಾ? ಮತ್ತೆ ಪ್ರಿಂಟ್ ಸ್ವಲ್ಪ ಕಂದು ಛಾಯೆಯಲ್ಲಿದೆ, ಅದು ಟೋನಿಂಗಾ?

ಪಿಕ್ಸೆಲ್‌ಗಣಿ

ಬಿಳಿ ಅಂಚಿಗೆ ಮೂರು ಕಾರಣ ಇರಬಹುದು. ಫೈಲನ್ನು 100%ಗೆ ಹಿಗ್ಗಿಸಿ ನೋಡಿದರೆ ಗೊತ್ತಾಗುತ್ತೆ. ಅಂಚು ಎರಡು-ಮೂರು ಪಿಕ್ಸೆಲ್ ಅಗಲ, ಎಲ್ಲ ಕಡೆ ಒಂದೇ ಸಮ, ಅದರ ಒಳಗಡೆ ಜೊತೆಗೇ ಒಂದು ಕಪ್ಪು ಗೆರೆಯೂ ಇದ್ದರೆ ಶಾರ್ಪನಿಂಗ್ ಅತಿಯಾಗಿದೆ. ಹತ್ತಾರು ಪಿಕ್ಸೆಲ್ ಅಗಲದ ಮೆದು ಬೆಳಕು ಬೆಟ್ಟದ ಗೆರೆಗುಂಟ ಹರಡಿದ್ದರೆ ಅದು ಮಾಸ್ಕ್ ಸರಿಯಾಗಿ ಕೂರದ್ದು, ಇಲ್ಲವೇ ಸಾಫ್ಟ್‌ವೇರಿನಲ್ಲಿ ಕ್ಲಾರಿಟಿ (ಅಂಚುಗಳ ಸುತ್ತ ಕಾಂಟ್ರಾಸ್ಟ್ ಏರಿಸೋದು) ಥರದ ಸ್ಲೈಡರ್ ಎಳೆದದ್ದು. ಅಂಚು ಮರದ ಒಂದೇ ಬದಿಯಲ್ಲಿ, ಅದೂ ಚಿತ್ರದ ಮೂಲೆಗಳ ಕಡೆ ಜಾಸ್ತಿ ಇದ್ದರೆ ಲೆನ್ಸಿನ ಬಣ್ಣದೋಷ. ಬಣ್ಣದ ಫೈಲಿನಲ್ಲಿ ಅಲ್ಲೊಂದು ಸಣ್ಣ ಕೆಂಪು ಅಥವಾ ಹಸಿರು ಅಂಚು ಇತ್ತು. ಕಪ್ಪು-ಬಿಳುಪಿಗೆ ತರುವಾಗ ನೀಲಿ ಸ್ಲೈಡರನ್ನು (ಮೂಲದ ನೀಲಿ ಎಷ್ಟು ಕಪ್ಪಾಗಬೇಕು ಅಂತ ಹೇಳುವುದು) ಕೆಳಗೆಳೆದಾಗ ಆಕಾಶ ಕಪ್ಪಾಯ್ತು, ನೀಲಿಯಲ್ಲದ ಆ ಅಂಚು ಮಾತ್ರ ಬೆಳ್ಳಗೆ ಉಳೀತು. ಬಣ್ಣದೋಷವನ್ನು ಕಪ್ಪು-ಬಿಳುಪಿಗೆ ತರುವ ಮೊದಲೇ ಸರಿಪಡಿಸಬೇಕು, ಆಮೇಲೆ ಬಣ್ಣದ ಸುಳಿವೇ ಇರಲ್ಲ.

ಒಂದು ತಿದ್ದುಪಡಿ, ಇದು ಮುಖ್ಯ. ನೀಲಿ ಸ್ಲೈಡರ್ ಎಳೆದಿದ್ದರೆ ಹಿಮದ ನೆರಳೂ ಕಪ್ಪಾಗಬೇಕಿತ್ತಲ್ಲ ಅನ್ನಿಸಬಹುದು. ಆಗದೇ ಇರಬಹುದು. ಹಿಮದ ನೆರಳಿನ ನೀಲಿ ಬಹಳ ಪೇಲವ. ಫಿಲ್ಟರ್ ಬೆಳಕಿನ ಮೇಲೇ ಕೆಲಸ ಮಾಡುತ್ತೆ, ಸ್ಲೈಡರ್ ಪಿಕ್ಸೆಲ್ಲಿನ ಬಣ್ಣ ಎಷ್ಟು ಗಾಢ ಅನ್ನೋದರ ಮೇಲೆ. ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಯಾವ ಛಾಯೆಯಲ್ಲಿ ಕಾಣಬೇಕು ಅನ್ನೋ ಹೊಂದಿಕೆ) ಬೆಚ್ಚಗೆ, ಅಂದರೆ ಹಳದಿ ಕಡೆಗೆ, ಇಟ್ಟಿದ್ದರೆ ನೆರಳು ಬೂದುವೇ ಆಗಿಬಿಟ್ಟಿರುತ್ತೆ, ಸ್ಲೈಡರ್ ಅದನ್ನು ಮುಟ್ಟಲ್ಲ. ಹಾಗಾಗಿ ಡಿಜಿಟಲ್ ಚಿತ್ರಕ್ಕೆ ಹಿಮದ ಪರೀಕ್ಷೆಗಿಂತ ನೀರಿನ ಪರೀಕ್ಷೆಯನ್ನೇ ನಂಬಿ. ಅದರಲ್ಲೂ ತಿಳಿಯಾಗಿದೆ ಅಂದಿದ್ದೀರಿ, ಸರಿ, ಇಲ್ಲಿ ಆಕಾಶಕ್ಕೆ ಬೇರೆ ಮಾಸ್ಕ್ ಬಿದ್ದಿರುವ ಸಾಧ್ಯತೆಯೇ ಹೆಚ್ಚು.

ಮೆಟ್ಟಿಲು ಮೆಟ್ಟಿಲಾಗಿ ಕಾಣೋದು ಬ್ಯಾಂಡಿಂಗ್. 8 ಬಿಟ್ ಫೈಲಿನಲ್ಲಿ ಕಪ್ಪಿನಿಂದ ಬಿಳಿವರೆಗೆ ಒಟ್ಟು 256 ಹಂತ. ಕಪ್ಪು ಆಕಾಶದ ಪಾಲಿಗೆ ಬರೋದು ಅದರಲ್ಲಿ ಇಪ್ಪತ್ತೋ ಮೂವತ್ತೋ. ಅಷ್ಟನ್ನೇ ಸಾವಿರಾರು ಪಿಕ್ಸೆಲ್ ಅಗಲಕ್ಕೆ ಹಾಸಿದರೆ ಪ್ರತಿ ಹಂತದ ಗಡಿಯೂ ಕಾಣುತ್ತೆ, ಜೆಪೆಗ್ ಸಂಕೋಚನ ಅದನ್ನು ಇನ್ನೂ ಒರಟು ಮಾಡುತ್ತೆ. ಪ್ರಿಂಟಿನಲ್ಲಿ ಶಾಯಿ ಚುಕ್ಕೆಗಳು, ಕಾಗದದ ಮೈ ಸೇರಿ ಗಡಿಯನ್ನು ಮುಚ್ಚುತ್ತವೆ. ಪ್ರಿಂಟ್ ಮಾಡಿದ ಮೂಲ ಫೈಲ್ 16 ಬಿಟ್ ಇದ್ದು, ನಿಮ್ಮ ಕೈಗೆ ಬಂದದ್ದು ಅದರ ಸಣ್ಣ ಪ್ರತಿ ಇರಲೂಬಹುದು. ಆದ್ದರಿಂದ ಬ್ಯಾಂಡಿಂಗ್‌ನ ದೂರನ್ನು ಟಿಪ್ಪಣಿಗೆ ಹಾಕಬೇಡಿ.

ಪರದೆಯಲ್ಲಿ ನೋಡುವಾಗ ರಾತ್ರಿಯ ಹಳದಿ ಮೋಡ್ ತೆಗೆಯಿರಿ, ಬ್ರೈಟ್‌ನೆಸ್ ಆಟೋ ಬಿಡಿಸಿ 100 ನಿಟ್ಸ್ (ಪರದೆಯ ಹೊಳಪಿನ ಅಳತೆ) ಆಸುಪಾಸಿಗೆ ಇಳಿಸಿ, ಹಿನ್ನೆಲೆಗೆ ನಡುಬೂದು ಹಾಕಿ. ಕಪ್ಪು ಹಿನ್ನೆಲೆಯಲ್ಲಿ ಬೂದುಗಳೆಲ್ಲ ಇದ್ದದ್ದಕ್ಕಿಂತ ತಿಳಿಯಾಗಿ, ಬಿಳಿ ಹಿನ್ನೆಲೆಯಲ್ಲಿ ಗಾಢವಾಗಿ ಕಾಣುತ್ತವೆ.

ಇನ್ನೊಂದು ಸಾಮಾನ್ಯ ದೋಷ, ಈ ಚಿತ್ರಕ್ಕೆ ಬೇಕಾಗದಿದ್ದರೂ: ಬಣ್ಣದ ಫೈಲನ್ನು ಪ್ರಕಾಶಮಾನಕ್ಕೆ ಇಳಿಸುವ ರೂಢಿಯ ಸೂತ್ರದಲ್ಲಿ ಕೆಂಪಿಗೆ 0.21, ಹಸಿರಿಗೆ 0.72, ನೀಲಿಗೆ 0.07 ತೂಕ. ಕೆಂಪು ಹೂವೂ ಗಾಢ ಹಸಿರು ಎಲೆಯೂ ಸುಮ್ಮನೆ ಒಂದೇ ಬೂದುವಿಗೆ ಬಂದು ಹೂವು ಮಾಯ ಆಗಬಹುದು. ಬಣ್ಣದಲ್ಲಿ ಚೆನ್ನಾಗಿದ್ದ ದೃಶ್ಯ ಕಪ್ಪು-ಬಿಳುಪಲ್ಲಿ ಸತ್ತುಹೋಗೋದು ಬಹುಪಾಲು ಹೀಗೇ.

ಬೂದುಪಟ್ಟಿ

ಪಿಕ್ಸೆಲ್‌ಗಣಿ ಅವರ ತಿದ್ದುಪಡಿ ಸರಿ, ಹಿಮದ ನೆರಳಿನ ಮಾತು ಲೆನ್ಸ್ ಮೇಲೆ ಹಾಕಿದ ಫಿಲ್ಟರ್‌ಗೆ ಮಾತ್ರ ಖಚಿತವಾಗಿ ಹೊಂದುತ್ತೆ.

‘ಮೋಸ’ ಅಂತ ಬರೆಯಬೇಡಿ. ಆಕಾಶ ಕಪ್ಪು ಮಾಡಿದ್ದು ತಪ್ಪಲ್ಲ, ಮಾಡಿ ಅರ್ಧಕ್ಕೆ ಬಿಟ್ಟದ್ದು ತಪ್ಪು. ನೀರನ್ನೂ ಅದಕ್ಕೆ ತಕ್ಕ ಹಾಗೆ ಇಳಿಸಿದ್ದರೆ ಯಾರೂ ಕೇಳ್ತಿರಲಿಲ್ಲ. ಈಗ ನೀರು ಇನ್ಯಾವುದೋ ಹೊತ್ತಿನ ಆಕಾಶವನ್ನು ತೋರಿಸ್ತಿದೆ. ಟಿಪ್ಪಣಿಯಲ್ಲಿ ಕಂಡದ್ದನ್ನು ಮೊದಲು, ಅದರ ಪರಿಣಾಮವನ್ನು ಆಮೇಲೆ ಬರೆಯಿರಿ. ಹೀಗೆ: ‘ಆಕಾಶ ಮರಗಳಷ್ಟೇ ಕಪ್ಪಾಗಿರುವುದರಿಂದ ಹಿಮಬೆಟ್ಟ ಚಿತ್ರದ ಮುಖ್ಯ ಬೆಳಕಾಗಿ ಎದ್ದು ನಿಲ್ಲುತ್ತದೆ. ಆದರೆ ಸರೋವರದಲ್ಲಿ ಅದೇ ಆಕಾಶ ತಿಳಿಯಾಗಿ ಉಳಿದಿರುವುದರಿಂದ ಕಣ್ಣು ಬೆಟ್ಟ ಬಿಟ್ಟು ಕೆಳಗಿನ ಅಂಚಿಗೆ ಜಾರುತ್ತದೆ.’ ಎರಡು ವಾಕ್ಯ, ‘ನಾಟಕೀಯ’ ಅನ್ನೋ ಪದ ಬೇಕಾಗಲಿಲ್ಲ.

ಕಣ್ಣು ಜಾರುವ ಮಾತು ಬಂತು ಅಂತ ಚೌಕಟ್ಟಿನ ವಿಷಯ ಒಂದಿಷ್ಟು. ನಾಲ್ಕು ಮೂಲೆಗಳನ್ನು ಬೆರಳಿಂದ ಒಂದೊಂದಾಗಿ ಮುಚ್ಚಿ. ಮುಚ್ಚಿದಾಗ ಚಿತ್ರ ಸುಧಾರಿಸಿದರೆ ಆ ಮೂಲೆಯಲ್ಲಿ ಬೇಡದ ಬಿಳಿ ಇದೆ. ಸಾಮಾನ್ಯವಾಗಿ ಒಣ ಹುಲ್ಲು, ನೀರಿನ ಹೊಳಪು, ಅರ್ಧ ಕತ್ತರಿಸಿದ ಬಂಡೆ. ಮರದ ತುದಿಗಳು ಬೆಟ್ಟದ ಗೆರೆಯನ್ನು ಎಲ್ಲಿ ಮುಟ್ಟುತ್ತವೆ ನೋಡಿ. ಎರಡು ಕಡೆ ದಾಟಿವೆ ಅಂದಿದ್ದೀರಿ. ಕಪ್ಪು ಮರ ಕಪ್ಪು ಆಕಾಶಕ್ಕೆ ಹೋದ ಕಡೆ ತುದಿ ಕಾಣದೆ ಮರ ಮೊಂಡಾಗಿರುತ್ತೆ. ಆಕಾಶವನ್ನು ಅಷ್ಟು ಕಪ್ಪು ಮಾಡಿದ್ದಕ್ಕೆ ಚಿತ್ರ ತೆತ್ತ ಬೆಲೆ ಇದು, ಆ ಬಿಳಿ ಅಂಚಿಗಿಂತ ದೊಡ್ಡದು. ಕ್ಯಾಮೆರಾವನ್ನು ಸ್ವಲ್ಪ ಎತ್ತರಿಸಿದ್ದರೆ ಹತ್ತಿರದ ಮರಗಳು ದೂರದ ಬೆಟ್ಟದ ಎದುರು ಕೆಳಗಿಳಿದು ತುದಿಗಳೆಲ್ಲ ಹಿಮದ ಒಳಗೇ ನಿಲ್ಲುತ್ತಿದ್ದವು.

ಬಿಸಿಲು ಬಲದಿಂದ ಅನ್ನೋದು ಒಳ್ಳೆಯ ಅಂಶ, ಅದನ್ನೂ ಬರೆಯಿರಿ. ಪಕ್ಕದ ಬೆಳಕು ಹಿಮದ ಪ್ರತಿ ಉಬ್ಬಿಗೂ ಒಂದು ಬಿಳಿ ಬದಿ, ಒಂದು ಬೂದು ಬದಿ ಕೊಡುತ್ತೆ. ಹಿಂದಿನಿಂದ ಬಂದ ಬೆಳಕಾಗಿದ್ದರೆ, ಅಂದರೆ ಸೂರ್ಯ ಕ್ಯಾಮೆರಾ ಬೆನ್ನಿಗೆ ಇದ್ದಿದ್ದರೆ, ಅದೇ ಬೆಟ್ಟ ಬರೀ ಬಿಳಿ ತೇಪೆ ಆಗ್ತಿತ್ತು.

ಕತ್ತಲಕೋಣೆ

ಕಂದು ಛಾಯೆಯ ಬಗ್ಗೆ. ಟೋನಿಂಗ್, ಅಂದರೆ ರಾಸಾಯನಿಕದಿಂದ ಛಾಯೆ ಬದಲಿಸುವುದು, ಸಿಲ್ವರ್ ಪ್ರಿಂಟಿಗೆ ಸಲ್ಲುವ ಮಾತು. ಸೆಪಿಯಾದಲ್ಲಿ ಚಿತ್ರದ ಬೆಳ್ಳಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಮೊದಲು ಬ್ಲೀಚ್ ತಾಗುವುದು ತಿಳಿ ಭಾಗಗಳಿಗೆ, ಹಾಗಾಗಿ ಅರ್ಧಕ್ಕೆ ನಿಲ್ಲಿಸಿದ ಪ್ರಿಂಟಿನಲ್ಲಿ ತಿಳಿ ಬೂದುಗಳು ಬೆಚ್ಚಗೆ, ಕಪ್ಪು ತಣ್ಣಗೆ. ಸೆಲೆನಿಯಂನಲ್ಲಿ ಉಲ್ಟಾ, ನೆರಳುಗಳು ಮೊದಲು ಬದಲಾಗುತ್ತವೆ. ಎರಡರಲ್ಲೂ ಬೆಳ್ಳಿ ಇಲ್ಲದ ಕಡೆ, ಅಂದರೆ ಕಾಗದದ ಖಾಲಿ ಅಂಚಿನಲ್ಲಿ, ಬಣ್ಣ ಹತ್ತುವುದಿಲ್ಲ.

ನಿಮ್ಮದು ಇಂಕ್‌ಜೆಟ್. ಮೊದಲು ಖಾಲಿ ಅಂಚು ನೋಡಿ, ಅದೂ ಕೆನೆಬಣ್ಣದ್ದಾಗಿದ್ದರೆ ಕಂದಿನಲ್ಲಿ ಕಾಗದದ್ದೂ ಪಾಲಿದೆ. ಅಂಚು ಶುದ್ಧ ಬಿಳಿಯಾಗಿದ್ದರೆ ಪ್ರಿಂಟನ್ನು ಒಮ್ಮೆ ಕಿಟಕಿಯ ಹಗಲ ಬೆಳಕಿನಲ್ಲಿ, ಒಮ್ಮೆ ದೀಪದಡಿ ಹಿಡಿಯಿರಿ. ಹಗಲಿನಲ್ಲಿ ತಟಸ್ಥ ಬೂದು, ದೀಪದಡಿ ಅಂಚಿಗಿಂತ ಹೆಚ್ಚು ಕಂದು ಅಥವಾ ಹಸಿರು ಎಂದಾದರೆ ಅದು ಬಣ್ಣದ ಶಾಯಿಗಳನ್ನು ಬೆರೆಸಿ ಬೂದು ಮಾಡಿದ್ದರಿಂದ ಬಂದದ್ದು. ಬೂದು ಶಾಯಿಗಳಿಗೇ ಹೆಚ್ಚಿನ ಕೆಲಸ ಕೊಟ್ಟು ಮುದ್ರಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಎರಡೂ ಬೆಳಕಿನಲ್ಲಿ ಒಂದೇ ಕಂದು ಇದ್ದರೆ ಬೇಕೆಂದೇ ಕೊಟ್ಟ ಛಾಯೆ, ಟಿಪ್ಪಣಿಯಲ್ಲಿ ಅದನ್ನು ‘ಬೆಚ್ಚನೆಯ ಮುದ್ರಣ’ ಎಂದು ಬರೆದರೆ ಸಾಕು, ಸೆಪಿಯಾ ಎನ್ನಬೇಡಿ.